ಮನೆಗೆ ಒಪ್ಪುವ ಬಿಯರ್: ಬವೇರಿಯದ ವೈಸ್‌ಬಿಯರ್

ಮನೆಯಲ್ಲಿ ಬಿಯರ್ ತಯಾರಿಸಲು ಹೊರಟವರು ಯಾವ ಬಗೆಯಿಂದ ಆರಂಭಿಸಬೇಕೆಂದು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ ಹೆಸರು: ಗೋಧಿ ಬಿಯರ್, ಅದರಲ್ಲೂ ಜರ್ಮನಿಯ ಬವೇರಿಯ ಪ್ರಾಂತದವರು ವೈಸ್‌ಬಿಯರ್ ಅಥವಾ ಹೆಫೆವೈಟ್ಸನ್ ಎಂದು ಕರೆಯುವ ಗೋಧಿ ಬಿಯರ್. ಮ್ಯೂನಿಕ್ ಬಳಿ ನೆಲೆಸಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿದ ನನಗೆ, ವರ್ಷಗಳು ಕಳೆದಂತೆ, ಮನೆಯ ಒಲೆಗೂ ಈ ಬಿಯರಿಗೂ ಇರುವ ಹೊಂದಾಣಿಕೆ ಬೇರೆ ಯಾವ ಬಿಯರಿಗೂ ಇಲ್ಲವೆಂಬುದು ಖಚಿತವಾಗಿದೆ. ಲಾಗರ್ ಬಿಯರನ್ನು ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಹುದುಗಿಸಿ, ಆಮೇಲೆ ಸೊನ್ನೆಯ ಹತ್ತಿರದ ಚಳಿಯಲ್ಲಿ ವಾರಗಟ್ಟಲೆ ಇಟ್ಟು, ತಿಳಿಯಾಗಿಸಬೇಕು. ಗೋಧಿ ಬಿಯರ್ ಇಪ್ಪತ್ತು ಡಿಗ್ರಿಯ ಕೋಣೆಯಲ್ಲೇ ಹುದುಗುತ್ತದೆ, ಕದಡಿದ್ದರೇ ಅದಕ್ಕೆ ಲಕ್ಷಣ, ಬಾಟಲಿಯೊಳಗೇ ಎರಡನೆಯ ಸಲ ಹುದುಗುವುದು ಅದರ ಸಂಪ್ರದಾಯ, ಮತ್ತು ಅದು ತಾಜಾ ಇದ್ದಷ್ಟೂ ರುಚಿ. ದೂರದ ಊರುಗಳಿಗೆ ಸಾಗಿಸಿ, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡಬೇಕಾದ ಕಂಪನಿಗೆ ಇವೆಲ್ಲವೂ ತೊಡಕುಗಳು. ಅಡುಗೆಮನೆಯಲ್ಲಿ ಇಪ್ಪತ್ತು ಲೀಟರ್ ಮಾಡಿ ತಿಂಗಳೊಳಗೆ ಕುಡಿದು ಮುಗಿಸುವವರಿಗೆ ಇವೆಲ್ಲವೂ ಅನುಕೂಲಗಳು.

ಮೊದಲಿಗೆ ಕಾನೂನಿನ ಮಾತನ್ನು ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಸ್ವಂತ ಬಳಕೆಗಾಗಿ ವರ್ಷಕ್ಕೆ 500 ಲೀಟರಿನವರೆಗೆ ಬಿಯರನ್ನು ತೆರಿಗೆ ಕಟ್ಟದೆ ತಯಾರಿಸಬಹುದು. 2024ಕ್ಕೆ ಮೊದಲು ಈ ಮಿತಿ 200 ಲೀಟರ್ ಇತ್ತು. ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆಯೊಳಗೆ ಮಾಡಿದರೂ ಅಪರಾಧವೇ. ಆದ್ದರಿಂದ ಊರಿನಲ್ಲಿರುವ ಓದುಗರು ಇದನ್ನು ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ತಾವು ಕುಡಿಯುವ ವೀಟ್ ಬಿಯರ್ ಹೇಗೆ ತಯಾರಾಗುತ್ತದೆ ಎಂಬುದನ್ನು ತಿಳಿಯುವ ಸಲುವಾಗಿ ಓದಬೇಕೆಂದು ಕೋರುತ್ತೇನೆ. ಅನುಮತಿ ಇರುವ ದೇಶಗಳಲ್ಲಿರುವ ಕನ್ನಡಿಗರು ಪಾತ್ರೆ ಹೊಂದಿಸಿಕೊಳ್ಳಬಹುದು.

ಈ ಬಿಯರಿನ ಚರಿತ್ರೆಯೂ ಅದರ ರುಚಿಯಷ್ಟೇ ಸ್ವಾರಸ್ಯದ್ದು. 1516ರಲ್ಲಿ ಇಂಗೋಲ್‌ಸ್ಟಾಟ್‌ನಲ್ಲಿ ಹೊರಟ ಬವೇರಿಯದ ಪ್ರಸಿದ್ಧ ಶುದ್ಧತೆಯ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್ (ಕಹಿಯನ್ನೂ ಪರಿಮಳವನ್ನೂ ಕೊಡುವ ಒಂದು ಬಳ್ಳಿಯ ಹೂವು) ಮತ್ತು ನೀರನ್ನು ಬಿಟ್ಟು ಬೇರೇನನ್ನೂ ಹಾಕಕೂಡದೆಂದು ವಿಧಿಸಿತು. ಆ ಮಾತಿನ ಪ್ರಕಾರ ಗೋಧಿಗೆ ಬಿಯರಿನಲ್ಲಿ ಜಾಗವೇ ಇರಲಿಲ್ಲ, ಅದು ಬ್ರೆಡ್ಡಿಗೆ ಮೀಸಲಾದ ಧಾನ್ಯ. ಆದರೂ 1548ರಲ್ಲಿ ಡೆಗನ್‌ಬೆರ್ಗ್ ಎಂಬ ಜಮೀನ್ದಾರಿ ಮನೆತನಕ್ಕೆ ಗೋಧಿ ಬಿಯರ್ ತಯಾರಿಸುವ ವಿಶೇಷ ಹಕ್ಕು ದೊರೆಯಿತು. 1602ರಲ್ಲಿ ಆ ಮನೆತನ ವಾರಸುದಾರರಿಲ್ಲದೆ ನಿಂತುಹೋದಾಗ ಡ್ಯೂಕ್ ಒಂದನೆಯ ಮ್ಯಾಕ್ಸಿಮಿಲಿಯನ್ ಆ ಹಕ್ಕನ್ನು ತನ್ನದಾಗಿಸಿಕೊಂಡು, ಗೋಧಿ ಬಿಯರನ್ನು ರಾಜ್ಯದ ಏಕಸ್ವಾಮ್ಯವನ್ನಾಗಿ ಮಾಡಿದ. ಪ್ರಜೆಗಳು ತಾವಾಗಿ ತಯಾರಿಸುವಂತಿಲ್ಲದ ಪಾನೀಯ ಎರಡು ಶತಮಾನಗಳ ಕಾಲ ಅರಮನೆಯ ಬೊಕ್ಕಸವನ್ನು ತುಂಬಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜನರ ಒಲವು ಲಾಗರಿನ ಕಡೆ ಹರಿದಾಗ ಗೋಧಿ ಬಿಯರ್ ಮೂಲೆಗುಂಪಾಯಿತು. 1872ರಲ್ಲಿ ಗೇಯೋರ್ಗ್ ಶ್ನೈಡರ್ ಎಂಬ ಬ್ರೂವರ್ ದೊರೆ ಎರಡನೆಯ ಲುಡ್ವಿಗ್‌ನಿಂದ ಅದನ್ನು ತಯಾರಿಸುವ ಹಕ್ಕನ್ನು ಪಡೆದುಕೊಳ್ಳದಿದ್ದರೆ ಇಂದು ಅದರ ಗತಿ ಏನಾಗಿರುತ್ತಿತ್ತೋ ಹೇಳಲಾಗದು. ಅರಮನೆ ತನ್ನೊಬ್ಬನಿಗೇ ಎಂದು ಕಾವಲಿಟ್ಟುಕೊಂಡಿದ್ದ ಬಿಯರನ್ನು ಇವತ್ತು ಇಲ್ಲಿ ಯಾರು ಬೇಕಾದರೂ ಮನೆಯ ಒಲೆಯ ಮೇಲೆ ಇಡಬಹುದು ಎಂಬ ಸಂಗತಿ ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ.

ಇನ್ನು ಧಾನ್ಯದ ವಿಷಯ. ಬವೇರಿಯದ ಗೋಧಿ ಬಿಯರಿನಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಗೋಧಿ ಮಾಲ್ಟ್ ಇರಬೇಕು. ಇಪ್ಪತ್ತು ಲೀಟರ್ ಬಿಯರಿಗೆ ನಾನು ಹಾಕುವುದು 2.7 ಕಿಲೋ ಗೋಧಿ ಮಾಲ್ಟ್, 1.5 ಕಿಲೋ ಪಿಲ್ಸ್‌ನರ್ ಬಾರ್ಲಿ ಮಾಲ್ಟ್ ಮತ್ತು ಬಣ್ಣಕ್ಕೂ ಮೈಕಟ್ಟಿಗೂ 300 ಗ್ರಾಂ ಮ್ಯೂನಿಕ್ ಮಾಲ್ಟ್. ಮಾಲ್ಟ್ ಎಂದರೆ ಏನೆಂದು ಕನ್ನಡಿಗರಿಗೆ ವಿವರಿಸುವುದು ಕಷ್ಟವಲ್ಲ: ನಮ್ಮ ಮನೆಗಳಲ್ಲಿ ಕೂಸುಗಳ ಗಂಜಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸುವಂತೆಯೇ ಇಲ್ಲಿ ಗೋಧಿಯನ್ನೂ ಬಾರ್ಲಿಯನ್ನೂ ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬಲ್ಲವು. ಮೊಳಕೆ ರಾಗಿಯ ಗಂಜಿ ಬೇಗ ತೆಳುವಾಗುವುದಕ್ಕೂ ಬಿಯರಿನ ಹಿಟ್ಟು ಸಿಹಿಯಾಗುವುದಕ್ಕೂ ಕಾರಣ ಒಂದೇ.

ಒಡೆದ ಮಾಲ್ಟನ್ನು ಸುಮಾರು 16 ಲೀಟರ್ ಬಿಸಿನೀರಿನಲ್ಲಿ ಕಲಸಿ, ಹಂತಹಂತವಾಗಿ ಬಿಸಿ ಏರಿಸುತ್ತಾ ಹೋಗಬೇಕು. ಇಂದಿನ ಮಾಲ್ಟಿಗೆ ಒಂದೇ ಉಷ್ಣತೆಯಲ್ಲಿ ಒಂದು ಗಂಟೆ ಇಟ್ಟರೂ ಬಿಯರ್ ಆಗುತ್ತದೆ, ಆದರೆ ಗೋಧಿ ಬಿಯರಿನಲ್ಲಿ ನಾನು ಮೊದಲ ಹಂತವನ್ನು ಎಂದೂ ಬಿಡುವುದಿಲ್ಲ. 45 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಕಾಳಿನ ಕೋಶಭಿತ್ತಿಗೆ ಅಂಟಿಕೊಂಡಿರುವ ಫೆರುಲಿಕ್ ಆಮ್ಲ ಬಿಡಿಸಿಕೊಂಡು ನೀರಿಗೆ ಬರುತ್ತದೆ. ಆ ಆಮ್ಲಕ್ಕೆ ತನ್ನದೇ ಆದ ಪರಿಮಳ ಹೆಚ್ಚೇನೂ ಇಲ್ಲ. ಆದರೆ ಮುಂದೆ ಯೀಸ್ಟ್ ಅದನ್ನೇ ಲವಂಗದ ಪರಿಮಳವಾಗಿ ಬದಲಾಯಿಸುತ್ತದೆ. ಆಮೇಲೆ 63 ಡಿಗ್ರಿಯಲ್ಲಿ ಅರ್ಧ ಗಂಟೆಗೆ ಸ್ವಲ್ಪ ಮೇಲೆ, 72ರಲ್ಲಿ ಇಪ್ಪತ್ತೈದು ನಿಮಿಷ. ಮೊದಲಿನದು ಯೀಸ್ಟ್ ಪೂರ್ತಿ ತಿಂದು ಮುಗಿಸುವ ಸಕ್ಕರೆಯನ್ನು ಕೊಡುತ್ತದೆ, ಎರಡನೆಯದು ಅದು ತಿನ್ನಲಾರದ ಡೆಕ್ಸ್‌ಟ್ರಿನ್‌ಗಳನ್ನು ಉಳಿಸಿ ಬಿಯರಿಗೆ ಮೈ ತುಂಬುತ್ತದೆ. ಕೊನೆಗೆ ಒಂದು ಚಮಚ ದ್ರವವನ್ನು ಬಿಳಿ ತಟ್ಟೆಯ ಮೇಲೆ ಹಾಕಿ, ಆರಿದ ಮೇಲೆ ಒಂದು ಹನಿ ಅಯೋಡಿನ್ ಬಿಡಬೇಕು. ಕಪ್ಪುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ, ಅಯೋಡಿನ್ ತನ್ನ ಹಳದಿಗಂದು ಬಣ್ಣದಲ್ಲೇ ನಿಂತರೆ ಪಿಷ್ಟವೆಲ್ಲ ಕರಗಿದೆ ಎಂದರ್ಥ. ಪರೀಕ್ಷೆಗೆ ತೆಗೆದ ಹನಿಯನ್ನು ಚೆಲ್ಲಬೇಕು, ಪಾತ್ರೆಗೆ ಹಿಂತಿರುಗಿಸಬಾರದು. ಇದಾದ ಮೇಲೆ 78 ಡಿಗ್ರಿಗೆ ಏರಿಸಿ ಸೋಸಲು ತೊಡಗಬಹುದು.

ಗೋಧಿ ಬಿಯರ್ ಮಾಡುವವರ ತಾಳ್ಮೆಯನ್ನು ಪರೀಕ್ಷಿಸುವುದು ಈ ಸೋಸುವ ಹಂತ. ಬಾರ್ಲಿಯ ಹೊಟ್ಟು ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಪಾತ್ರೆಯ ತಳದಲ್ಲಿ ಅದೇ ಪದರವಾಗಿ ಕೂತು ಜರಡಿಯ ಕೆಲಸ ಮಾಡುತ್ತದೆ. ಗೋಧಿಯದು ಒಕ್ಕುವಾಗಲೇ ಉದುರಿಹೋಗುತ್ತದೆ, ಉಳಿಯುವುದು ಬತ್ತಲೆ ಕಾಳು. ಅದರ ಮೇಲೆ ಗೋಧಿಯ ಪ್ರೋಟೀನು ಮತ್ತು ಅಂಟು ಬೇರೆ. ಹೀಗಾಗಿ ಗೋಧಿಯ ಪಾಲು ಹೆಚ್ಚಿದಷ್ಟೂ ಆ ರಾಶಿ ಹಿಟ್ಟಿನ ಮುದ್ದೆಯಂತೆ ಬಿಗಿದು, ನಲ್ಲಿಯಿಂದ ಬರುವ ಧಾರೆ ದಾರದಷ್ಟು ತೆಳುವಾಗಿ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ನಲ್ಲಿಯನ್ನು ಪೂರ್ತಿ ತಿರುಗಿಸಿ ಎಳೆಯಲು ಹೋದರೆ ಪದರ ಇನ್ನಷ್ಟು ಕುಸಿಯುತ್ತದೆ. ಕಾಲು ಭಾಗ ಮಾತ್ರ ತೆರೆದು ಸಣ್ಣ ಧಾರೆಯಲ್ಲಿ ಬಿಡುವುದೇ ಸರಿಯಾದ ದಾರಿ. ಮೊದಲಿಗೆ ಬರುವ ಒಂದೆರಡು ಲೀಟರ್ ಬೂದುಬಣ್ಣದ ಕದಡಾದ ದ್ರವ, ಅದರಲ್ಲಿ ಹಿಟ್ಟಿನ ಚೂರುಗಳು ತೇಲುತ್ತಿರುತ್ತವೆ. ಅದನ್ನು ಜಗ್ಗಿನಲ್ಲಿ ಹಿಡಿದು, ಚಮಚವೊಂದರ ಬೆನ್ನಿನ ಮೇಲೆ ಸುರಿಯುತ್ತಾ ಮೆಲ್ಲಗೆ ಮೇಲಿನಿಂದ ಮರಳಿ ಹಾಕಬೇಕು. ನಾಲ್ಕಾರು ಸಲ ಹೀಗೆ ಮಾಡಿದಾಗ ಪದರ ನೆಲೆಗೊಂಡು, ಜಗ್ಗಿನೊಳಗಿನ ದ್ರವ ತಿಳಿಯಾಗುತ್ತದೆ. ಉಳಿದ ಸಿಹಿಯನ್ನು ತೊಳೆದು ತೆಗೆಯಲು 78 ಡಿಗ್ರಿಯ ನೀರು ಸುಮಾರು 12 ಲೀಟರ್ ಬೇಕಾಗುತ್ತದೆ. ಸೋಸಲು ತುಂಬಾ ಕಷ್ಟವಾಗುವ ಪಾತ್ರೆ ಇರುವವರು ಚೆನ್ನಾಗಿ ತೊಳೆದ ಭತ್ತದ ಉಮಿಯನ್ನು ಎರಡು ಹಿಡಿ ಸೇರಿಸುತ್ತಾರೆ. ರುಚಿಗೆ ಏನೂ ಆಗದೆ ಜರಡಿ ಗಟ್ಟಿಯಾಗುತ್ತದೆ.

ಕುದಿಸುವ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಧಿ ಬಿಯರಿನಲ್ಲಿ ಹಾಪ್ಸ್ ಹಿನ್ನೆಲೆಯಲ್ಲೇ ಇರಬೇಕು. ಮ್ಯೂನಿಕ್‌ನ ಉತ್ತರಕ್ಕಿರುವ ಹಾಲರ್‌ಟೌ ಪ್ರದೇಶದ ಮಿಟಲ್‌ಫ್ರೂ ತಳಿಯ 25 ಗ್ರಾಂ ಹಾಪ್ಸನ್ನು ಕುದಿಯುವ ವರ್ಟಿಗೆ (ಸೋಸಿ ತೆಗೆದ ಸಿಹಿ ದ್ರವಕ್ಕೆ ಈ ಹೆಸರು) ಹಾಕಿ ಒಂದು ಗಂಟೆ, ಮುಚ್ಚಳ ತೆಗೆದಿಟ್ಟು, ಚೆನ್ನಾಗಿ ಕುದಿಸಿದರೆ ಸಾಕು. ಕೊನೆಯಲ್ಲಿ ಪರಿಮಳಕ್ಕೆಂದು ಮತ್ತಷ್ಟು ಹಾಪ್ಸ್ ಹಾಕುವ ಅಭ್ಯಾಸ ಬೇರೆ ಬಗೆಯ ಬಿಯರುಗಳಿಗೆ ಸರಿ, ಇಲ್ಲಿ ಅದು ಯೀಸ್ಟಿನ ಪರಿಮಳದ ಮೇಲೆ ಪರದೆ ಎಳೆದಂತಾಗುತ್ತದೆ. ಒಲೆ ಆರಿಸಿದ ಮೇಲೆ ಎರಡೂವರೆ ಲೀಟರಿನಷ್ಟು ಬಿಸಿ ವರ್ಟನ್ನು ಶುದ್ಧವಾದ ಬಾಟಲಿಗಳಿಗೆ ತುಂಬಿ, ಆರಿದ ಕೂಡಲೇ ಫ್ರಿಜ್ಜಿನಲ್ಲಿ ತೆಗೆದಿಡಬೇಕು. ಅದರ ಉಪಯೋಗ ಬಾಟಲಿ ತುಂಬುವಾಗ ತಿಳಿಯುತ್ತದೆ. ಉಳಿದದ್ದನ್ನು ತಣ್ಣೀರು ಹರಿಯುವ ತಾಮ್ರದ ಸುರುಳಿಯಿಂದ ಬೇಗನೆ ತಣಿಸಬೇಕು. ಇಲ್ಲಿಂದ ಮುಂದೆ ಬಿಯರಿಗೆ ತಾಗುವ ಪ್ರತಿಯೊಂದು ಕೊಳವೆ, ಸೌಟು, ಮುಚ್ಚಳವೂ ಸೋಂಕುನಿವಾರಕದಲ್ಲಿ ಅದ್ದಿದ್ದಾಗಿರಬೇಕು. ಈ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಈಗ ಯೀಸ್ಟ್. ಇಷ್ಟು ಹೊತ್ತಿನ ದುಡಿಮೆಯೆಲ್ಲ ಅದಕ್ಕೆ ಊಟ ಸಿದ್ಧಪಡಿಸಿದ್ದಷ್ಟೇ. ಗೋಧಿ ಬಿಯರ್ ಕುಡಿದವರು ಬಾಳೆಹಣ್ಣಿನ ಮತ್ತು ಲವಂಗದ ಪರಿಮಳ ಬಂತೆಂದು ಹೇಳುವುದುಂಟು, ಕೆಲವರು ಇವನ್ನು ಬೇರೆಯಾಗಿ ಬೆರೆಸುತ್ತಾರೆಂದು ನಂಬಿರುವುದೂ ಉಂಟು. ಎರಡೂ ಯೀಸ್ಟಿನ ಸೃಷ್ಟಿ. ಬಾಳೆಹಣ್ಣಿನ ಪರಿಮಳ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನದು (ಎಸ್ಟರ್ ಎಂದರೆ ಹಣ್ಣಿನ ಪರಿಮಳ ಕೊಡುವ ಬಗೆಯ ಸಂಯುಕ್ತ), ನಿಜವಾದ ಬಾಳೆಹಣ್ಣಿನಲ್ಲಿರುವುದೂ ಅದೇ. ಲವಂಗದ ಪರಿಮಳ 4-ವಿನೈಲ್ ಗ್ವಾಯಕಾಲ್ ಎಂಬ ಸಂಯುಕ್ತದ್ದು, 45 ಡಿಗ್ರಿಯಲ್ಲಿ ಬಿಡಿಸಿಕೊಂಡು ಬಂದ ಫೆರುಲಿಕ್ ಆಮ್ಲದಿಂದ ಯೀಸ್ಟ್ ಇದನ್ನು ತಯಾರಿಸುತ್ತದೆ. ಲಾಗರ್ ಯೀಸ್ಟುಗಳಿಗೂ, ಏಲ್ ಎಂಬ ಬೆಚ್ಚಗೆ ಹುದುಗುವ ಬಿಯರುಗಳ ಬಹುಪಾಲು ಯೀಸ್ಟುಗಳಿಗೂ ಈ ಶಕ್ತಿಯಿಲ್ಲ. ಬೇರೆ ಬಹುಪಾಲು ಬಿಯರುಗಳಲ್ಲಿ ಈ ಪರಿಮಳ ಕಂಡುಬಂದರೆ ಹಾಳಾಯಿತೆಂದು ತಿಳಿಯುತ್ತಾರೆ. ಗೋಧಿ ಬಿಯರಿನ ಯೀಸ್ಟ್ ಈ ಗುಣವನ್ನು ಉಳಿಸಿಕೊಂಡು ಬಂದಿದೆ.

ಹೀಗಾಗಿ ಯೀಸ್ಟಿನ ಆಯ್ಕೆಯಲ್ಲಿ ಸಿಕ್ಕಿದ್ದನ್ನು ಹಾಕುವಂತಿಲ್ಲ. ಫ್ರೈಸಿಂಗ್ ಊರಿನ ವೈಹೆನ್‌ಸ್ಟೆಫಾನ್‌ನಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಬಿಯರ್ ವಿಭಾಗವಿದೆ, ಅಲ್ಲಿನ ಸಂಗ್ರಹದ 68ನೆಯ ಸಂಖ್ಯೆಯ ತಳಿ ಜಗತ್ತಿನಾದ್ಯಂತ ಗೋಧಿ ಬಿಯರಿಗೆ ಬಳಕೆಯಾಗುತ್ತದೆ. ಮನೆಯವರಿಗೆ ವೈಯೀಸ್ಟ್ ಕಂಪನಿಯ 3068 ಎಂಬ ದ್ರವ ಯೀಸ್ಟಿನ ಪೊಟ್ಟಣ ಸಿಗುತ್ತದೆ. ಒಣ ಯೀಸ್ಟ್ ಬೇಕೆಂದರೆ ಲಾಲಮಂಡ್‌ನ ಮ್ಯೂನಿಕ್ ಕ್ಲಾಸಿಕ್ ನನಗೆ ಮೆಚ್ಚುಗೆಯಾಗಿದೆ. ಸುಲಭವಾಗಿ ದೊರೆಯುವ ಡಬ್ಲ್ಯೂಬಿ-06 ಎಂಬ ಒಣ ಯೀಸ್ಟ್ ಡೆಕ್ಸ್‌ಟ್ರಿನ್‌ಗಳನ್ನೂ ನಿಧಾನವಾಗಿ ಒಡೆದು ತಿನ್ನಬಲ್ಲದು. ಹುದುಗುವಿಕೆ ಮುಗಿಯಿತೆಂದು ಅವಸರಪಟ್ಟು ಬಾಟಲಿ ತುಂಬಿದರೆ ಒಳಗೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು, ಆದ್ದರಿಂದ ಹೊಸಬರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಯೀಸ್ಟ್ ಯಾವುದೇ ಇರಲಿ, ಬಾಳೆಹಣ್ಣು ಮತ್ತು ಲವಂಗ ಎರಡರಲ್ಲಿ ಯಾವುದು ಮೇಲುಗೈ ಸಾಧಿಸಬೇಕೆಂಬುದನ್ನು ತಯಾರಿಸುವವರು ಬಹುಮಟ್ಟಿಗೆ ಉಷ್ಣತೆಯಿಂದಲೇ ತೀರ್ಮಾನಿಸುತ್ತಾರೆ. ಬಿಸಿ ಹೆಚ್ಚಾದಂತೆ ಎಸ್ಟರ್ ಹೆಚ್ಚಿ ಬಾಳೆಹಣ್ಣು ಮುಂದೆ ಬರುತ್ತದೆ. 24 ಡಿಗ್ರಿ ದಾಟಿತೆಂದರೆ ಬಬಲ್‌ಗಮ್ ನೆನಪಿಸುವ ಸಿಹಿಯಾದ ಪರಿಮಳವೊಂದು ಬಂದು ಬಿಯರನ್ನೆಲ್ಲ ಆವರಿಸಿಬಿಡುತ್ತದೆ. ನಾನು 16 ಡಿಗ್ರಿಯಲ್ಲಿ ಯೀಸ್ಟ್ ಹಾಕಿ, ಎರಡು ದಿನಗಳಲ್ಲಿ ಅದು ತನ್ನಷ್ಟಕ್ಕೆ ಇಪ್ಪತ್ತಕ್ಕೆ ಏರಲು ಬಿಡುತ್ತೇನೆ. ಲವಂಗ ಮೊದಲು, ಬಾಳೆಹಣ್ಣು ಅದರ ಹಿಂದೆ, ಇದು ನನಗೆ ಒಪ್ಪುವ ಕ್ರಮ. ಹುದುಗಿಸುವ ಪಾತ್ರೆಯ ಆಕಾರಕ್ಕೂ ಇದರಲ್ಲಿ ಪಾಲಿದೆ. ಎತ್ತರದ ಮುಚ್ಚಿದ ಟ್ಯಾಂಕಿನಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ ಎಸ್ಟರನ್ನು ತಗ್ಗಿಸುತ್ತದೆ, ಅಗಲವಾದ, ಆಳ ಕಡಿಮೆಯಿರುವ ಪಾತ್ರೆಯಲ್ಲಿ ಆ ತಡೆಯಿಲ್ಲ. ಬವೇರಿಯದ ಕೆಲವು ಹಳೆಯ ಬ್ರೂವರಿಗಳು ಇಂದಿಗೂ ತೆರೆದ ತೊಟ್ಟಿಗಳಲ್ಲಿ ಗೋಧಿ ಬಿಯರನ್ನು ಹುದುಗಿಸುವುದಕ್ಕೆ ಇದೂ ಒಂದು ಕಾರಣ, ಮನೆಯ ಸಾಧಾರಣ ಬಕೆಟ್ಟು ಈ ವಿಷಯದಲ್ಲಿ ದೊಡ್ಡ ಟ್ಯಾಂಕಿಗಿಂತ ಮೇಲು.

ಯೀಸ್ಟ್ ಹಾಕಿದ ಮರುದಿನದ ಹೊತ್ತಿಗೆ ಮೇಲ್ಮೈಯಲ್ಲಿ ಬಿಳಿ ನೊರೆ ತೇಪೆತೇಪೆಯಾಗಿ ಕಾಣಿಸುತ್ತದೆ. ಎರಡನೆಯ ದಿನ ಅದು ಗುಡ್ಡದಂತೆ ಉಬ್ಬಿ, ನೆತ್ತಿಯ ಮೇಲೆ ಹಾಪ್ಸಿನ ಕಂದು ಅಂಟು ಕಲೆಕಲೆಯಾಗಿ ಕೂರುತ್ತದೆ, ಬೆರಳಿಗೆ ತಗುಲಿದರೆ ಬೇವಿನಷ್ಟು ಕಹಿ. ಆ ಕಂದು ಪದರವನ್ನು ಶುದ್ಧವಾದ ಚಮಚದಿಂದ ಎತ್ತಿ ಬಿಸಾಡಿದರೆ ಬಿಯರಿನ ಕಹಿ ನಯವಾಗುತ್ತದೆ. ಇಪ್ಪತ್ತು ಲೀಟರ್ ವರ್ಟಿಗೆ ಮೂವತ್ತು ಲೀಟರಿನ ಪಾತ್ರೆ ಬೇಕು, ಇಲ್ಲದಿದ್ದರೆ ನೊರೆ ಉಕ್ಕಿ ನೆಲಕ್ಕೆ ಬರುತ್ತದೆ. ಈ ದಿನಗಳಲ್ಲಿ ಮುಚ್ಚಳದ ನೀರುಬೀಗದಿಂದ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಕೊಳವೆ) ಹೊರಡುವ ಗಾಳಿಯಲ್ಲಿ ಮೊದಲು ಗಂಧಕದ ಸಣ್ಣ ವಾಸನೆ, ಆಮೇಲೆ ಹಣ್ಣು, ಕೊನೆಗೆ ಲವಂಗ ಬರುತ್ತದೆ. ಗಂಧಕದ ವಾಸನೆಗೆ ಗಾಬರಿಯಾಗಬೇಕಿಲ್ಲ, ಅದು ತಾನಾಗಿ ಹೋಗುತ್ತದೆ. ಐದಾರು ದಿನಗಳಾದ ಮೇಲೆ ಹೈಡ್ರೋಮೀಟರಿನಲ್ಲಿ ಅಳೆಯಬೇಕು. ಆರಂಭದಲ್ಲಿ 1.048ರ ಸುಮಾರಿಗಿದ್ದ ಸಾಂದ್ರತೆ 1.012ರ ಆಸುಪಾಸಿಗೆ ಇಳಿದು, ಮೂರು ದಿನ ಬಿಡದೆ ಅಳೆದರೂ ಅಲ್ಲೇ ನಿಂತಿದ್ದರೆ ಹುದುಗುವಿಕೆ ಮುಗಿದಿದೆ. ಅಷ್ಟರಲ್ಲಿ ಬಿಯರಿನಲ್ಲಿ ಐದು ಶೇಕಡಕ್ಕೆ ಸ್ವಲ್ಪ ಕಡಿಮೆ ಆಲ್ಕೋಹಾಲ್ ಇರುತ್ತದೆ.

ಬಾಟಲಿ ತುಂಬುವ ಕೆಲಸದಲ್ಲಿ ಲೆಕ್ಕ ಮುಖ್ಯ. ಗೋಧಿ ಬಿಯರಿಗೆ ಬೇರೆ ಬಿಯರಿಗಿಂತ ಹೆಚ್ಚು ಅನಿಲ ಬೇಕು, ಲೀಟರಿಗೆ ಸುಮಾರು 7 ಗ್ರಾಂ ಇಂಗಾಲದ ಡೈಆಕ್ಸೈಡ್. ಇಪ್ಪತ್ತು ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಈಗಾಗಲೇ 1.7 ಗ್ರಾಂ ಕರಗಿರುತ್ತದೆ, ಉಳಿದ 5.3 ಗ್ರಾಂ ಬಾಟಲಿಯೊಳಗೆ ಹುಟ್ಟಬೇಕು. ಒಂದು ಗ್ರಾಂ ಸಕ್ಕರೆ ಹುದುಗಿದರೆ ಅರ್ಧ ಗ್ರಾಂ ಅನಿಲ ಬರುವುದರಿಂದ, ಲೀಟರಿಗೆ ಹತ್ತೂವರೆ ಗ್ರಾಂ ಸಕ್ಕರೆ ಸಾಕು. ಆದರೆ ಬವೇರಿಯದ ಬ್ರೂವರಿಗಳು ಸಕ್ಕರೆ ಹಾಕುವಂತಿಲ್ಲ, ಅವರು ತೆಗೆದಿಟ್ಟ ಹುದುಗದ ವರ್ಟನ್ನೇ ಬೆರೆಸುತ್ತಾರೆ, ಇದಕ್ಕೆ ಶ್ಪೈಸೆ ಎಂದು ಹೆಸರು. ಫ್ರಿಜ್ಜಿನಲ್ಲಿಟ್ಟ ಆ ಎರಡೂವರೆ ಲೀಟರನ್ನು ಮತ್ತೊಮ್ಮೆ ಕುದಿಸಿ ಆರಿಸಿ, ಬಿಯರಿನ ಲೀಟರಿಗೆ 130 ಮಿಲಿಲೀಟರಿನಂತೆ ಬೆರೆಸಿದರೆ ಅಷ್ಟೇ ಅನಿಲ ಸಿಗುತ್ತದೆ. ಸಕ್ಕರೆಯಿಂದಲೂ ಒಳ್ಳೆಯ ಬಿಯರ್ ಆಗುತ್ತದೆ, ಕಾನೂನು ಮನೆಯವರನ್ನು ತಡೆಯುವುದೂ ಇಲ್ಲ. ಆದರೂ ಅದೇ ಧಾನ್ಯದ ರಸದಿಂದ ನೊರೆ ಬರುವುದರಲ್ಲಿ ಒಂದು ಪೂರ್ಣತೆಯಿದೆಯೆಂದು ನನಗೆ ಅನಿಸುತ್ತದೆ. ಇಷ್ಟು ಒತ್ತಡಕ್ಕೆ ದಪ್ಪ ಗಾಜಿನ, ಬಿರುಕಿಲ್ಲದ ಬಿಯರ್ ಬಾಟಲಿಯೇ ಆಗಬೇಕು. ಜ್ಯೂಸಿನ ಬಾಟಲಿ, ಅಲಂಕಾರದ ಚೌಕ ಬಾಟಲಿ ಮುಂತಾದವು ಒಡೆದು ಚೂರುಗಳು ಸಿಡಿಯಬಹುದು, ಅವನ್ನು ಮುಟ್ಟಲೇಬಾರದು.

ಹತ್ತು ದಿನ ಕೋಣೆಯ ಉಷ್ಣತೆಯಲ್ಲಿ, ಆಮೇಲೆ ಒಂದು ವಾರ ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟರೆ ಬಿಯರ್ ಸಿದ್ಧ. ಎತ್ತರದ ಅರ್ಧ ಲೀಟರ್ ಲೋಟವನ್ನು ತಣ್ಣೀರಿನಲ್ಲಿ ಜಾಲಿಸಿ, ಒದ್ದೆಯಾಗಿರುವಾಗಲೇ ಓರೆಯಾಗಿ ಹಿಡಿದು, ಗೋಡೆಗುಂಟ ನಿಧಾನವಾಗಿ ಸುರಿಯಬೇಕು. ಎರಡು ಬೆರಳಿನಷ್ಟು ಉಳಿದಾಗ ಬಾಟಲಿಯನ್ನು ಸುತ್ತಲೂ ಆಡಿಸಿ, ತಳದಲ್ಲಿ ಕೂತ ಯೀಸ್ಟನ್ನು ಎಬ್ಬಿಸಿ ನೊರೆಯ ನಡುವೆ ಸುರಿಯುವುದು ಇಲ್ಲಿನ ಪದ್ಧತಿ. ಮೊದಲ ಆರು ವಾರಗಳಲ್ಲಿ ಇದರ ರುಚಿಗೆ ಸಾಟಿಯಿಲ್ಲ, ಮೂರು ತಿಂಗಳಾದಾಗ ಲವಂಗದ ಪರಿಮಳ ಮಂಕಾಗಿರುತ್ತದೆ. ಹಾಗಾಗಿ ದೂರದಿಂದ ಬಂದ ದುಬಾರಿ ಬಾಟಲಿಗಿಂತ ಮನೆಯಲ್ಲಿ ಸರಿಯಾಗಿ ಮಾಡಿದ ತಾಜಾ ಬಿಯರೇ ಮೇಲೆಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಇಟ್ಟು ಕುಡಿಯಬೇಕೆನ್ನುವವರಿಗೆ ವೈಟ್ಸನ್‌ಬಾಕ್ ಎಂಬ ಹೆಚ್ಚು ಗಡುಸಾದ ಗೋಧಿ ಬಿಯರ್ ಇದೆ. ಶ್ನೈಡರ್ ಬ್ರೂವರಿ 1907ರಿಂದ ತಯಾರಿಸುತ್ತಿರುವ ಅವೆಂಟಿನಸ್ ಇದರ ಉತ್ತಮ ಮಾದರಿ. ಇದೇ ಕ್ರಮ, ಇದೇ ಯೀಸ್ಟ್. ಧಾನ್ಯ ಒಂದೂವರೆ ಪಟ್ಟು, ಅದರಲ್ಲಿ ಮ್ಯೂನಿಕ್ ಮಾಲ್ಟಿನ ಪಾಲು ಹೆಚ್ಚು, ಯೀಸ್ಟ್ ಎರಡು ಪೊಟ್ಟಣ. ಅಕ್ಟೋಬರಿನಲ್ಲಿ ಬಾಟಲಿಗೆ ತುಂಬಿದರೆ ಕ್ರಿಸ್ಮಸ್ ಹೊತ್ತಿಗೆ ಹದಕ್ಕೆ ಬರುತ್ತದೆ. ಅದಕ್ಕೆ ಬೇಕಾದ ಯೀಸ್ಟನ್ನು ಸೆಪ್ಟೆಂಬರಿನಲ್ಲಿ ಮಾಡುವ ಸಾಮಾನ್ಯ ಗೋಧಿ ಬಿಯರಿನ ನೊರೆಯಿಂದಲೇ, ಕಂದು ಪದರ ತೆಗೆದ ಮೇಲೆ ಬರುವ ಕೆನೆಬಣ್ಣದ ಭಾಗವನ್ನು ಶುದ್ಧವಾದ ಜಾಡಿಗೆ ಎತ್ತಿಕೊಂಡು, ಮುಚ್ಚಳ ಸಡಿಲವಾಗಿಟ್ಟು, ಫ್ರಿಜ್ಜಿನಲ್ಲಿ ಇರಿಸಿಕೊಳ್ಳಬಹುದು. ಒಂದು ವಾರದೊಳಗೆ ಬಳಸಬೇಕು.